ಹೊಟ್ಟೆಗೊಂದು ಬ್ಯಾಂಡು, ಅತ್ತೆಯದೊಂದು ಮುದ್ದೆ

ಓದುವ ಎಲ್ಲರಿಗೂ ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಿಂದ ನಂಜುಂಡಪ್ಪನ ನಮಸ್ಕಾರ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಬರೆದು ರೂಢಿ ಇರುವವನಲ್ಲ. ನಮ್ಮ ಕನ್ನಡ ಕೂಟದವರು ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಎಲ್ಲರನ್ನೂ ಕೇಳಿದಂತೆ ನನ್ನನ್ನೂ ಕೇಳಿದರು. ಅದು ಮರ್ಯಾದೆಗೆ ಕೇಳಿದ್ದು ಎಂದು ನನಗೆ ಹೊಳೆಯುವಷ್ಟರಲ್ಲಿ ಅರ್ಧ ಪುಟ ಬರೆದಾಗಿತ್ತು. ಬಲಗೈಯ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ, ಆದ್ದರಿಂದ ನಿಧಾನ. ಎಲ್ಲಾದರೂ ಒತ್ತಕ್ಷರ ಬಿದ್ದುಹೋಗಿದ್ದರೆ, ದೀರ್ಘ ತಪ್ಪಿದ್ದರೆ, ಈತ ಹತ್ತನೇ ಕ್ಲಾಸನ್ನು ಇಪ್ಪತ್ತೇಳನೇ ವಯಸ್ಸಿನಲ್ಲಿ ಪಾಸು ಮಾಡಿದವನು ಎಂದು ನೆನೆದು ಹೊಟ್ಟೆಗೆ ಹಾಕಿಕೊಳ್ಳಿ. ನಾನು ಹೇಳಬೇಕೆಂದಿರುವುದೂ ಹೊಟ್ಟೆಯ ವಿಷಯವೇ.

ನಮ್ಮ ಜನಕ್ಕೆ ಕಾಯಿಲೆ ಹೇಳಿಕೊಳ್ಳಲು ನಾಚಿಕೆಯಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ "ನನಗೆ ಶುಗರ್ರು, ಹೋಳಿಗೆ ಅರ್ಧ ಸಾಕು" ಎನ್ನುತ್ತಾರೆ. ಬಿ.ಪಿ. ಇದ್ದವರು ತಮ್ಮದು ಎಷ್ಟು ಎಂಬುದನ್ನು ಮಗನ ಮಾರ್ಕ್ಸ್ ಹೇಳಿದ ಹಾಗೆ ಹೇಳುತ್ತಾರೆ. ಆದರೆ ತಿನ್ನುವುದನ್ನು ಕಡಿಮೆ ಮಾಡಲು ಆಗದೆ ಆಪರೇಷನ್ ಮಾಡಿಸಿ ಹೊಟ್ಟೆಗೆ ಬ್ಯಾಂಡು ಹಾಕಿಸಿಕೊಂಡಿದ್ದೇನೆ ಎಂದು ಹೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ನಾನೂ ಎರಡು ವರ್ಷ ಹೇಳಿರಲಿಲ್ಲ. ನನ್ನ ಹೆಂಡತಿ ಸುಜಾತಳಿಗೆ ಗೊತ್ತಿತ್ತು, ಆಸ್ಪತ್ರೆಯವರಿಗೆ ಗೊತ್ತಿತ್ತು, ಅಷ್ಟೇ. ಕೂಟದ ಯುಗಾದಿ ಊಟದಲ್ಲಿ ತಟ್ಟೆಯಲ್ಲಿ ಬಿಟ್ಟದ್ದನ್ನು ಯಾರೂ ನೋಡದ ಹಾಗೆ ಕಾಗದದ ಕರವಸ್ತ್ರದಲ್ಲಿ ಸುತ್ತಿ ಎಸೆದು ಬರುತ್ತಿದ್ದವನು ನಾನೇ. ಈಗ ಒಪ್ಪಿಕೊಳ್ಳುತ್ತಿದ್ದೇನೆ.

ಆಪರೇಷನ್ನಿಗೆ ಕಾರಣ ಒಂದು ಕುರ್ಚಿ. ನನ್ನ ಮಗಳು ಧಾತ್ರಿ ದಾಗಿಸ್‌ಗೆ, ಅಂದರೆ ಇಲ್ಲಿಯ ಶಿಶುವಿಹಾರಕ್ಕೆ, ಹೋಗುತ್ತಿದ್ದಾಗ ಒಂದು ದಿನ ತಂದೆತಾಯಿಯರನ್ನು ಫಿಕಾಕ್ಕೆ ಕರೆದಿದ್ದರು. ಫಿಕಾ ಎಂದರೆ ಕಾಫಿ, ದಾಲ್ಚಿನ್ನಿ ಬನ್ನು, ಸ್ವಲ್ಪ ಮಾತು, ತುಂಬ ಮೌನ. ಎಲ್ಲರೂ ಮಕ್ಕಳ ಕುರ್ಚಿಯ ಮೇಲೆ ಕುಳಿತರು, ನಾನೂ ಕುಳಿತೆ. ನನ್ನದಕ್ಕೆ ಎರಡು ಕಡೆ ಕೈ ಇತ್ತು. ಆಗ ನನ್ನ ತೂಕ ನೂರ ಇಪ್ಪತ್ತೊಂದು ಕಿಲೋ. ಫಿಕಾ ಮುಗಿದು ಎಲ್ಲರೂ ಎದ್ದರು, ನಾನೂ ಎದ್ದೆ, ಕುರ್ಚಿಯೂ ನನ್ನ ಜೊತೆ ಎದ್ದಿತು. ಪಕ್ಕದಲ್ಲಿದ್ದ ಒಬ್ಬ ಸ್ವೀಡಿಷ್ ಅಪ್ಪ ತುಟಿಪಿಟಕ್ಕೆನ್ನದೆ ಬಗ್ಗಿ, ಕುರ್ಚಿಯ ಎರಡು ಕಾಲು ಹಿಡಿದು ಎಳೆದು, ಅದನ್ನು ಅದರ ಜಾಗದಲ್ಲಿಟ್ಟು, ನನಗೆ ತಲೆಯಾಡಿಸಿ ಹೋದ. ಯಾರೂ ನಗಲಿಲ್ಲ. ನಮ್ಮೂರು ಮಧುಗಿರಿಯಲ್ಲಾಗಿದ್ದರೆ ಹತ್ತು ಜನ ಬಿದ್ದು ಬಿದ್ದು ನಕ್ಕು, ನಾನೂ ನಕ್ಕು, ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ನಗದೆ ಇದ್ದದ್ದರಿಂದ ಅದು ನನ್ನೊಳಗೇ ಉಳಿಯಿತು. ಧಾತ್ರಿ ಮಾತ್ರ ಸ್ವೀಡಿಷ್‌ನಲ್ಲಿ, "ಪಪ್ಪಾ, ನಾಳೆ ನೀನು ಬರಬೇಡ, ಅಮ್ಮ ಬರಲಿ" ಎಂದಳು. ನಾಲ್ಕು ವರ್ಷದ ಮಗು. ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ, ಕುರ್ಚಿಯ ಮೇಲಿನ ಕಾಳಜಿ.

ಆ ಬೇಸಿಗೆಯಲ್ಲಿ ಬೆಂಗಳೂರಿಗೆ ಹೋದಾಗ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಬ್ಯಾಂಡು ಹಾಕಿಸಿಕೊಂಡು ಬಂದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೊಟ್ಟೆಯ ಮೇಲ್ತುದಿಗೆ ಒಂದು ರಬ್ಬರಿನಂಥ ಉಂಗುರ ಸುತ್ತುತ್ತಾರೆ. ಉಂಗುರದೊಳಗೆ ಟೊಳ್ಳು. ಅದರಿಂದ ಒಂದು ಸಣ್ಣ ನಳಿಕೆ ಬಂದು, ಹೊಟ್ಟೆಯ ಚರ್ಮದ ಕೆಳಗೆ ಕೋಟಿನ ಗುಂಡಿಯಷ್ಟಿರುವ ಒಂದು ಬಿರಡೆಗೆ ಸೇರುತ್ತದೆ. ಆ ಬಿರಡೆಗೆ ಸೂಜಿ ಚುಚ್ಚಿ ಉಪ್ಪುನೀರು ತುಂಬಿದರೆ ಉಂಗುರ ಉಬ್ಬಿ ದಾರಿ ಕಿರಿದಾಗುತ್ತದೆ, ನಾಲ್ಕು ತುತ್ತಿಗೆ ಹೊಟ್ಟೆ ತುಂಬಿದಂತಾಗುತ್ತದೆ. ನೀರು ತೆಗೆದರೆ ದಾರಿ ಅಗಲ, ಹಸಿವು ವಾಪಸ್ಸು. ಓದಿದ ಜನಕ್ಕೆ ಇದು ಅರ್ಥವಾಗಲು ಚಿತ್ರ ಬೇಕಾಗುತ್ತದೆ. ನನಗೆ ಒಂದೇ ಸಲಕ್ಕೆ ಅರ್ಥವಾಯಿತು, ಏಕೆಂದರೆ ಹತ್ತನೇ ಕ್ಲಾಸಿನಲ್ಲಿ ಮೂರು ಸಲ ಲೆಕ್ಕದಲ್ಲಿ ಫೇಲಾಗಿ ನಾನು ಎಂಟು ವರ್ಷ ಕೂತಿದ್ದು ಸೈಕಲ್ ಶಾಪಿನಲ್ಲಿ. ಟ್ಯೂಬು, ವಾಲ್ವು, ಗಾಳಿ ಎಲ್ಲ ಗೊತ್ತಿದ್ದದ್ದೇ. ಗಾಳಿ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ವ್ಯತ್ಯಾಸ ಇಷ್ಟೇ, ಈ ಸಲ ಟ್ಯೂಬು ನನ್ನೊಳಗೇ ಇತ್ತು, ಪಂಪು ಬೇರೆಯವರ ಕೈಯಲ್ಲಿತ್ತು.

ಆ ಕೈ ಗುನಿಲ್ಲಾ ಅವರದು. ಇಲ್ಲಿಯ ಆಸ್ಪತ್ರೆಯ ನರ್ಸ್, ಬಿಳಿ ಕೂದಲು, ಕತ್ತಿಗೆ ದಾರದಲ್ಲಿ ನೇತುಬಿಟ್ಟ ಕನ್ನಡಕ. ಮೊದಲ ದಿನ ನನ್ನ ಹೊಟ್ಟೆಯನ್ನು ಮುಟ್ಟಿ ಬಿರಡೆ ಹುಡುಕಿ, ಹಳೆಯ ಗೆಳತಿ ಸಿಕ್ಕಂತೆ ಮುಖ ಅರಳಿಸಿ, "ಓ! ಬ್ಯಾಂಡು! ಇದನ್ನು ನಾವು ಇಲ್ಲಿ ಹಾಕೋದು ಬಿಟ್ಟು ಎಷ್ಟೋ ಕಾಲ ಆಯ್ತು. ನಿನ್ನ ಹತ್ತಿರ ಹಳೇ ಮಾಡೆಲ್ ಇದೆ" ಎಂದಿದ್ದರು. ಇಲ್ಲಿ ಎಲ್ಲರಿಗೂ ಏಕವಚನ, ಅದು ಮರ್ಯಾದೆ ಕಡಿಮೆ ಎಂದಲ್ಲ. ಆ ವಿಭಾಗದಲ್ಲಿ ಬ್ಯಾಂಡಿಗೆ ನೀರು ತುಂಬುವ ಹದ ಗೊತ್ತಿದ್ದವರು ಅವರೊಬ್ಬರೇ. ಅವರ ಕೈಯಲ್ಲಿ ಮೊದಲ ಒಂದೂವರೆ ವರ್ಷದಲ್ಲಿ ನಾನು ತೊಂಬತ್ತೇಳಕ್ಕೆ ಇಳಿದೆ. ಅಷ್ಟು ಹೊತ್ತಿಗೆ ಅವರು ಹೇಳಿದರು, "ನಂಜುಂಡ, ಸೆಪ್ಟೆಂಬರಿಗೆ ನನ್ನ ಪೆನ್ಷನ್. ಅಷ್ಟರೊಳಗೆ ನಿನ್ನ ಬ್ಯಾಂಡನ್ನು ಒಂದು ಹದಕ್ಕೆ ತಂದು ನಿಲ್ಲಿಸಿಬಿಡೋಣ. ಆಮೇಲೆ ಅದನ್ನು ಮುಟ್ಟುವ ಅಗತ್ಯ ಬೀಳಬಾರದು."

ಅವರು ಪ್ರತಿ ಸಲ ನನಗೆ ಒಂದು ಹಾಳೆ ಕೊಡುತ್ತಿದ್ದರು. ಅದರಲ್ಲಿ ಕಾಲಮ್ಮುಗಳು: ಎಷ್ಟು ಗಂಟೆಗೆ, ಏನು ತಿಂದೆ, ಎಷ್ಟು ಸಲ ಅಗಿದೆ, ಏನು ಕುಡಿದೆ, ತೊಂದರೆ ಏನಾಯಿತು. ಬ್ಯಾಂಡಿನವರು ಒಂದೊಂದು ತುತ್ತನ್ನೂ ಮೂವತ್ತು ಸಲ ಅಗಿಯಬೇಕು. ಅದು ಕಾನೂನು. ನಾನು ಕೆಲಸ ಮಾಡುವುದು ಒಂದು ಶಾಲೆಯ ಅಡುಗೆಮನೆಯಲ್ಲಿ. ಅಲ್ಲಿ ಆಲೂಗಡ್ಡೆ ತಿನ್ನುತ್ತ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರೆ ಯಾರಾದರೂ ಮಾತಾಡಿಸಿದಾಗ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರುಮಾಡುತ್ತಿದ್ದೆ. ಹಾಳೆಯನ್ನು ನಾನು ತುಂಬಿದ ಹಾಗೆ ಯಾರೂ ತುಂಬಿರಲಾರರು. ಕಾರಣವಿದೆ. ಮೂರು ಸಲ ಫೇಲಾದ ಮೇಲೆ ನಾನು ಸೇರಿದ್ದು ಸಂಜೆಯ ಟ್ಯುಟೋರಿಯಲ್ಲಿಗೆ. ಅಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಮೇಡಮ್ಮು ನನಗಿಂತ ನಾಲ್ಕು ವರ್ಷ ಚಿಕ್ಕವರು. ಅವರು ಹೇಳುತ್ತಿದ್ದರು, "ಯಾವ ಪ್ರಶ್ನೇನೂ ಖಾಲಿ ಬಿಡಬೇಡಿ. ಯೋಚನೆ ಮಾಡಿ ಏನಾದ್ರೂ ಬರೀರಿ." ಹಾಗೆ ಬರೆದೇ ನಾನು ಪಾಸಾದೆ. ಆ ಮೇಡಮ್ಮೇ ಸುಜಾತ. ಆಮೇಲೆ ಅವಳು ಓದಿ ಡಾಕ್ಟರೇಟ್ ಮಾಡಿ ಇಲ್ಲಿಯ ವಿಶ್ವವಿದ್ಯಾಲಯದ ಕೆಲಸಕ್ಕೆ ಬಂದಳು, ನಾನು ಅವಳ ಹಿಂದೆ ಬಂದೆ. ಅವಳು ಎಷ್ಟೋ ವಿಷಯ ಕಲಿಸಿದ್ದಾಳೆ, ನನ್ನ ತಲೆಯಲ್ಲಿ ಗಟ್ಟಿಯಾಗಿ ನಿಂತದ್ದು ಮಾತ್ರ ಈ ಖಾಲಿ ಬಿಡಬಾರದು ಎನ್ನುವುದು.

ಜೂನ್ ತಿಂಗಳಲ್ಲಿ ಅತ್ತೆ ಬಂದರು. ಸುಜಾತಳ ತಾಯಿ. ಮೂರು ತಿಂಗಳ ವೀಸಾ, ಎರಡು ಸೂಟ್‌ಕೇಸು. ಒಂದರಲ್ಲಿ ಸೀರೆ, ಇನ್ನೊಂದರಲ್ಲಿ ರಾಗಿ ಹಿಟ್ಟು, ಜೊತೆಗೆ ಮುದ್ದೆ ಕೋಲು. ಕೋಲನ್ನು ಯಾವುದೋ ವಿಮಾನ ನಿಲ್ದಾಣದಲ್ಲಿ ತೆಗೆಸಿ ಇದೇನು ಎಂದು ಕೇಳಿದರಂತೆ. ಅತ್ತೆ ಅಲ್ಲೇ ನಿಂತು ಗಾಳಿಯಲ್ಲಿ ಹಿಟ್ಟು ತೊಳಸಿ ತೋರಿಸಿದರಂತೆ, ಬಿಟ್ಟರಂತೆ. ಅವರು ಬಂದ ದಿನ ನನ್ನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

"ಅಯ್ಯೋ ಅಳಿಯಂದ್ರೇ, ಏನಿದು ಹಿಂಗಾಗೋಗಿದೀರಿ? ಅರ್ಧ ಆಗಿದೀರಲ್ಲ! ಇವ್ಳು ಊಟಕ್ಕೆ ಇಕ್ತಾಳೋ ಇಲ್ವೋ?"

"ಅಮ್ಮ, ಅವ್ರು ಡಯಟ್ ಮಾಡ್ತಿದಾರೆ" ಎಂದಳು ಸುಜಾತ.

"ಡಯಟ್ಟೂ ಬ್ಯಾಡ ಏನೂ ಬ್ಯಾಡ. ನಾನ್ ಬಂದಿದೀನಲ್ಲ."

ಅಂದು ರೂಮಿಗೆ ಹೋದ ಮೇಲೆ ಸುಜಾತ, "ರೀ, ಬ್ಯಾಂಡಿನ ವಿಷ್ಯ ಅಮ್ಮಂಗೆ ಹೇಳ್ಬಿಡೋಣ" ಎಂದಳು. ನಾನು ಬೇಡವೆಂದೆ. ನಾಚಿಕೆ ನನ್ನದು, ಅವಳದ್ದಲ್ಲ. ನಮ್ಮ ಕಡೆ ಅತ್ತೆ ಮನೆಯಲ್ಲಿ ಅಳಿಯನ ಮರ್ಯಾದೆ ಅಳೆಯುವುದು ಮುದ್ದೆಯ ಗಾತ್ರದಲ್ಲಿ. ಮದುವೆಯಾದ ಹೊಸತರಲ್ಲಿ ಇದೇ ಅತ್ತೆ, ಪಕ್ಕದ ಮನೆಯವರೆಲ್ಲ ಬಾಗಿಲಲ್ಲಿ ನಿಂತು ನೋಡುವಾಗ ತೆಂಗಿನಕಾಯಿಯಷ್ಟು ಮುದ್ದೆ ಇಟ್ಟಿದ್ದರು, ನಾನು ಎರಡು ಉಂಡು ಎದ್ದಿದ್ದೆ. "ಟ್ಯುಟೋರಿಯಲ್ ಅಳಿಯ" ಎಂದು ಆಡಿಕೊಳ್ಳುತ್ತಿದ್ದವರ ಬಾಯಿ ಅಂದು ಮುಚ್ಚಿತು. ಓದಿನಲ್ಲಿ ಸಿಗದ ಗೌರವ ನನಗೆ ಅಲ್ಲಿ ಸಿಕ್ಕಿತ್ತು. ಅಂಥವನು ಈಗ ಹೋಗಿ, ಅತ್ತೆ, ನನ್ನ ಹೊಟ್ಟೆ ಕಟ್ಟಿಸಿಕೊಂಡಿದ್ದೇನೆ ಎಂದು ಹೇಗೆ ಹೇಳಲಿ?

ನನ್ನ ಕೆಲಸ ಬೆಳಗಿನ ಪಾಳಿ, ಮನೆಗೆ ಬರುವಾಗ ಮಧ್ಯಾಹ್ನ ಮೂರು. ಸುಜಾತ ಕ್ಯಾಂಪಸ್ಸಿನಲ್ಲಿ, ಧಾತ್ರಿ ಶಾಲೆಯಲ್ಲಿ. ಅತ್ತೆ ಬಿಸಿ ಮುದ್ದೆ, ಸೊಪ್ಪಿನ ಬಸ್ಸಾರು ಮಾಡಿಟ್ಟುಕೊಂಡು ಕಾಯುತ್ತಿದ್ದರು. ಬಸ್ ಸ್ಟಾಪಿನ ಹಿಂದೆ ನಮ್ಮ ಚಕ್ಕೋತ ಸೊಪ್ಪಿನಂಥದೇ ಒಂದು ಗಿಡ ಹುಡುಕಿ, ಎರಡೇ ವಾರದಲ್ಲಿ ಆ ಬೇಲಿಯ ಸಾಲನ್ನೆಲ್ಲ ಬೋಳು ಮಾಡಿದ್ದರು. ನಾನು ಜಾಣತನ ಮಾಡಿ, "ಅತ್ತೆ, ಚಿಕ್ಕದು ಸಾಕು, ನಿಂಬೆಹಣ್ಣಿನಷ್ಟು" ಎಂದರೆ ಅವರು ದುಃಖದಿಂದ ಕಿತ್ತಳೆಯಷ್ಟು ಇಡುತ್ತಿದ್ದರು. ಮುರಿದು, ಉರುಟು ಮಾಡಿ, ಸಾರಿನಲ್ಲಿ ಅದ್ದಿ, ಗಂಟಲಿಗೆ ಬಿಟ್ಟರೆ... ಏನು ಹೇಳಲಿ, ಎರಡು ವರ್ಷದಿಂದ ಸಿಕ್ಕಿರಲಿಲ್ಲ. ಮುದ್ದೆ ಗೊತ್ತಿಲ್ಲದ ಓದುಗರಿದ್ದರೆ ಅವರಿಗಾಗಿ ಹೇಳುತ್ತೇನೆ, ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಅದಕ್ಕೆ ಹಲ್ಲು ತಾಗಬಾರದು. ಮಕ್ಕಳಿಗೆ ನಡೆಯುವುದನ್ನು ಕಲಿಸುವ ಹಾಗೆ ಇದನ್ನೂ ಕಲಿಸುತ್ತಾರೆ.

ಆಮೇಲೆ ಎದೆಯ ನಡುವೆ ಹಿಡಿದುಕೊಳ್ಳುತ್ತಿತ್ತು. ಯಾರೋ ಒಳಗಿನಿಂದ ಮುಷ್ಟಿ ಒತ್ತಿದ ಹಾಗೆ. ಬಾಯಲ್ಲಿ ನೊರೆ ನೊರೆ ಜೊಲ್ಲು ಏರುತ್ತಿತ್ತು. ಕೂರಲಾಗದು, ಮಾತಾಡಲಾಗದು. ನಾನು "ಬಂದೆ" ಎಂದು ಕೈಸನ್ನೆ ಮಾಡಿ ಬಚ್ಚಲಿಗೆ ಹೋಗಿ, ಸದ್ದು ಕೇಳದಿರಲಿ ಎಂದು ಶವರ್ ಬಿಟ್ಟು, ಸಿಕ್ಕಿಕೊಂಡದ್ದು ವಾಪಸ್ಸು ಬರುವ ತನಕ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಒಂದು ದಿನ ಅತ್ತೆ ಊರಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ಇಲ್ಲಿ ಊಟ ಆದ್ಮೇಲೆ ಸ್ನಾನ ಮಾಡ್ತಾರೆ ಕಣೇ. ಈ ದೇಶದ ಪದ್ಧತಿ ಇರ್ಬೇಕು. ನಾನೂ ಒಂದಿನ ಮಾಡ್ದೆ, ಏನೋ ಒಂಥರಾ ಚೆನ್ನಾಗೇ ಇರ್ತದೆ."

ಇಷ್ಟಾದರೂ ನನಗೆ ಮುದ್ದೆಯ ಮೇಲೆ ಅನುಮಾನ ಬರಲಿಲ್ಲ. ನೀವು ನಂಬಲಿಕ್ಕಿಲ್ಲ, ಆದರೆ ನನ್ನ ಜಾಗದಲ್ಲಿ ನಿಂತು ನೋಡಿ. ಹುಟ್ಟಿದಾಗಿನಿಂದ ಗಂಟಲಲ್ಲಿ ಇಳಿದದ್ದು, ಅದು ತೊಂದರೆ ಕೊಡುತ್ತದೆ ಎಂದು ಯಾರು ಯೋಚಿಸುತ್ತಾರೆ? ನಾನು ಅನುಮಾನಪಟ್ಟದ್ದು ಕೆಲಸದ ಜಾಗದಲ್ಲಿ ಹನ್ನೊಂದು ಗಂಟೆಗೆ ತಿಂದ ಒಣ ರೊಟ್ಟಿಯನ್ನು. ಅದು ಇಲ್ಲಿಯವರದು, ಹಲಗೆಯ ಹಾಗಿರುತ್ತದೆ. ಪಾಪ, ಅದನ್ನು ಮೂವತ್ತರ ಬದಲು ನಲವತ್ತು ಸಲ ಅಗಿದೆ.

ಇನ್ನು ಹಾಳೆ. ಮುದ್ದೆ ಉಂಡ ಮೊದಲ ದಿನ ಹಾಳೆ ಮುಂದೆ ಕುಳಿತಾಗ ಕಷ್ಟಕ್ಕೆ ಸಿಕ್ಕಿಕೊಂಡೆ. "ಏನು ತಿಂದೆ" ಎನ್ನುವಲ್ಲಿ ರಾಗಿ ಎಂದು ಬರೆದರೆ ಪಕ್ಕದ ಕಾಲಮ್ಮಿನಲ್ಲಿ ಎಷ್ಟು ಸಲ ಅಗಿದೆ ಎಂದು ಬರೆಯಬೇಕು. ಸೊನ್ನೆ ಎಂದು ಬರೆದರೆ ಮಾತು ಕೇಳದವನು ಎಂದಾಗುತ್ತದೆ. ಮೂವತ್ತು ಎಂದರೆ ಸುಳ್ಳು. ಖಾಲಿ ಬಿಡುವ ಹಾಗಿಲ್ಲ. ನಾನು ಬಹಳ ಹೊತ್ತು ಪ್ರಾಮಾಣಿಕವಾಗಿ ಯೋಚಿಸಿದೆ. ಅಗಿದು ನುಂಗುವುದು ತಿನ್ನುವುದು. ಅಗಿಯದೆ ನುಂಗುವುದು ಕುಡಿಯುವುದು. ಮುದ್ದೆಯನ್ನು ಅಗಿಯುವುದಿಲ್ಲ. ಲೆಕ್ಕ ಸರಿಹೋಯಿತು. "ಏನು ಕುಡಿದೆ" ಎನ್ನುವ ಕಾಲಮ್ಮಿನಲ್ಲಿ ನೀಟಾಗಿ, "ರಾಗಿ, ಬಿಸಿ" ಎಂದು ಬರೆದೆ. ತೊಂದರೆಯ ಕಾಲಮ್ಮಿನಲ್ಲಿ, "ಸಿಕ್ಕಿಕೊಂಡಿತು." ವಾರಕ್ಕೆ ನಾಲ್ಕು ಸಲ ಹಾಗೇ ಬರೆದೆ.

ಗುನಿಲ್ಲಾ ಹಾಳೆ ನೋಡಿ ಕನ್ನಡಕ ಏರಿಸಿದರು. "ಕುಡಿದದ್ದೇ ಸಿಕ್ಕಿಕೊಳ್ಳುತ್ತಾ? ಘನ ಪದಾರ್ಥ ಎಲ್ಲ ಇಳಿಯುತ್ತೆ, ನೀರಿನಂಥದ್ದು ಇಳಿಯಲ್ವಾ?" ಹೌದು ಎಂದೆ. ನೀರಿನಂಥದ್ದು ಎಂದಾಗಲೇ ನಾನು ಬಾಯಿ ಬಿಡಬೇಕಿತ್ತು. ಆದರೆ ನನ್ನ ಸ್ವೀಡಿಷ್ ವಯಸ್ಕರ ಕ್ಲಾಸಿನಲ್ಲಿ ಕಲಿತದ್ದು, ಒಂದು ವಾಕ್ಯ ಜೋಡಿಸುವಷ್ಟರಲ್ಲಿ ಎದುರಿನವರು ಮುಂದಿನ ವಾಕ್ಯದಲ್ಲಿರುತ್ತಾರೆ. ಬ್ಯಾಂಡು ತುಂಬ ಬಿಗಿಯಾಗಿದೆ, ಇದು ಅಪಾಯ ಎಂದು ಅವರು ಸೂಜಿ ಚುಚ್ಚಿ ಉಪ್ಪುನೀರು ತೆಗೆದರು. ಅಲ್ಲಿಗೆ ಜುಲೈ ಬಂತು. ಜುಲೈನಲ್ಲಿ ಈ ದೇಶದಲ್ಲಿ ಯಾರೂ ಇರುವುದಿಲ್ಲ. ಗುನಿಲ್ಲಾ ಕೂಡ ದೋಣಿ, ಬೇಸಿಗೆ ಮನೆ ಎಂದು ಹೋದರು. ನನಗೋ ಬ್ಯಾಂಡು ಸಡಿಲ, ಶಾಲೆಗೆ ರಜೆ, ಮನೆಯಲ್ಲಿ ಅತ್ತೆ. ಮುದ್ದೆ ಗಂಟಲಿಂದ ಜಾರುಬಂಡೆಯಲ್ಲಿ ಜಾರಿದ ಹಾಗೆ ಇಳಿಯತೊಡಗಿತು. ಕಿತ್ತಳೆ ತೆಂಗಿನಕಾಯಿಯಾಗುವ ದಾರಿಯಲ್ಲಿತ್ತು. ಅತ್ತೆಯ ಮುಖದಲ್ಲಿ ಕಳೆ ಬಂತು. ಆಗಸ್ಟಿನಲ್ಲಿ ತಕ್ಕಡಿಯ ಮೇಲೆ ನಿಂತರೆ ನೂರ ಮೂರು. ಗುನಿಲ್ಲಾ ಮತ್ತೆ ನೀರು ತುಂಬಿದರು. ಮರುದಿನ ಮೂರು ಗಂಟೆಗೆ ನಾನು ಮತ್ತೆ ಶವರ್ ಕೆಳಗೆ.

ಇಲ್ಲಿ ಟ್ರೋಲ್‌ಹೆಟ್ಟನ್‌ನಲ್ಲಿ ಹೊಳೆಗೆ ದೊಡ್ಡ ಬಾಗಿಲುಗಳಿವೆ. ನೀರು ತುಂಬಿ ದೋಣಿಯನ್ನು ಮೇಲೆತ್ತುತ್ತಾರೆ, ನೀರು ಬಿಟ್ಟು ಕೆಳಗಿಳಿಸುತ್ತಾರೆ. ಬೇಸಿಗೆಯಲ್ಲಿ ಅದನ್ನು ನೋಡಲು ಜನ ಐಸ್‌ಕ್ರೀಮ್ ಹಿಡಿದು ನಿಲ್ಲುತ್ತಾರೆ. ಧಾತ್ರಿಯ ಜೊತೆ ಅಲ್ಲಿ ನಿಂತಾಗ ನನಗೆ ಆ ದೋಣಿಗಳ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಅವು ಕೊನೆಗೆ ಎಲ್ಲಿಗಾದರೂ ಹೋಗುತ್ತವೆ.

ಗುನಿಲ್ಲಾಗೆ ಈಗ ನಿಜವಾಗಿ ಭಯವಾಗಿತ್ತು. ಬ್ಯಾಂಡು ಜಾಗ ಬಿಟ್ಟು ಜಾರಿರಬಹುದು ಎಂದು ಸುಣ್ಣದಂಥದ್ದೇನೋ ಕುಡಿಸಿ ಎಕ್ಸ್‌ರೇ ತೆಗೆಸಿದರು. ಅದು ಸಲೀಸಾಗಿ ಇಳಿಯಿತು, ಬ್ಯಾಂಡು ಇದ್ದಲ್ಲೇ ಇತ್ತು. ಯಾರಿಗೂ ಅರ್ಥವಾಗಲಿಲ್ಲ. ಒಬ್ಬ ಯುವ ಡಾಕ್ಟರು ಬಂದು ಹಾಳೆಗಳನ್ನೆಲ್ಲ ತಿರುವಿ, ತುಂಬ ಸಮಾಧಾನವಾಗಿ ಹೇಳಿದರು: ಕಾರಣ ಗೊತ್ತಿಲ್ಲದೆ ಕುಡಿದದ್ದೂ ನಿಲ್ಲುತ್ತಿದೆ ಎಂದರೆ ಇದನ್ನು ಹೀಗೇ ಬಿಡಲಾಗದು. ಗುನಿಲ್ಲಾ ಹೋದ ಮೇಲೆ ಇದನ್ನು ನೋಡಿಕೊಳ್ಳುವವರೂ ಇಲ್ಲ. ಇನ್ನೊಂದು ಭೇಟಿ ನೋಡೋಣ. ಸರಿಹೋಗದಿದ್ದರೆ ಬ್ಯಾಂಡು ತೆಗೆದುಬಿಡೋಣ.

ಮನೆಗೆ ಬರುವ ಬಸ್ಸಿನಲ್ಲಿ ಆ ಕುರ್ಚಿ ನನ್ನ ಬೆನ್ನಿಗೇ ಅಂಟಿಕೊಂಡು ಬಂತು. ಹಿಂದಿನ ವಾರವಷ್ಟೇ ಧಾತ್ರಿ, ಒಂದನೇ ಕ್ಲಾಸಿನ ಪೇರೆಂಟ್ಸ್ ಮೀಟಿಂಗಿಗೆ ಯಾರು ಬರಬೇಕು ಎಂದು ಅಮ್ಮ ಕೇಳಿದಾಗ ತಾನಾಗಿ "ಪಪ್ಪಾ" ಎಂದಿದ್ದಳು. ಏಕೆ ಅಂದಳೋ, ನಾನು ಕೇಳಲಿಲ್ಲ. ಕೇಳಿದರೆ ಬದಲಾಯಿಸಿಬಿಟ್ಟಾಳು ಎಂದು ಭಯ.

ಕೊನೆಯ ಭೇಟಿಗೆ ಮುಂಚೆ ಗುನಿಲ್ಲಾ ಫೋನ್ ಮಾಡಿದರು. "ನಾಳೆ ಬರುವಾಗ ಆ ರಾಗಿ ಡ್ರಿಂಕ್ ತಗೊಂಡು ಬಾ. ನನ್ನ ಮುಂದೆ ಕುಡಿ. ನೋಡೋಣ ಏನಾಗುತ್ತೆ ಅಂತ." ನಾನು ಅತ್ತೆಗೆ ಹೋಗಿ, "ಆಸ್ಪತ್ರೆಯ ಒಬ್ಬ ನರ್ಸಮ್ಮ ಮುದ್ದೆ ನೋಡಬೇಕಂತೆ" ಎಂದೆ. ಅಷ್ಟು ಸತ್ಯವೇ.

"ಮುದ್ದೇನಾ? ಯಾಕಂತೆ?"

"ಆರೋಗ್ಯಕ್ಕೆ ಒಳ್ಳೇದು ಅಂತ ಕೇಳಿದಾರಂತೆ." ಇದು ಸತ್ಯವಲ್ಲ.

"ನೋಡಿದ್ರಾ! ಡಯಟ್ಟು ಡಯಟ್ಟು ಅಂತಿದ್ರಿ. ಬಿಳೇ ಜನಕ್ಕೂ ಗೊತ್ತಾಯ್ತು. ನಾನೂ ಬತ್ತೀನಿ. ಸಾರು ಚೆಲ್ದಂಗೆ ತರೋಕೆ ನಿಮ್ಗೆ ಬರಲ್ಲ."

ಹೀಗೆ ನಾವಿಬ್ಬರೂ ಹೋದೆವು. ಅತ್ತೆ ರೇಷ್ಮೆ ಅಂಚಿನ ಸೀರೆ ಉಟ್ಟು, ಮೇಲೆ ಸುಜಾತಳ ಜಾಕೆಟ್ಟು ಹಾಕಿ, ಮಡಿಲಲ್ಲಿ ಹಾಟ್ ಬಾಕ್ಸ್ ಇಟ್ಟುಕೊಂಡು ಬಸ್ಸಿನಲ್ಲಿ ಕುಳಿತರು. ಒಳಗೆ ಎರಡು ಮುದ್ದೆ, ಒಂದು ನನಗೆ, ಒಂದು ನರ್ಸಮ್ಮನಿಗೆ. ಗುನಿಲ್ಲಾ ಅಳತೆಯ ಗೆರೆಯಿರುವ ಒಂದು ಗಾಜಿನ ಲೋಟ ತೊಳೆದು ಮೇಜಿನ ಮೇಲಿಟ್ಟು ಕಾಯುತ್ತಿದ್ದರು. ಅತ್ತೆ ಮುಚ್ಚಳ ತೆಗೆದರು. ಹಬೆ ಎದ್ದಿತು. ಗುನಿಲ್ಲಾ ಬಗ್ಗಿ ನೋಡಿದರು, ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿದರು, ಕೈಗವಸಿನ ಬೆರಳಿನಿಂದ ಮೆಲ್ಲಗೆ ಒತ್ತಿದರು.

"ಇದಾ ಡ್ರಿಂಕು?"

"ಹೌದು."

"ಲೋಟಕ್ಕೆ ಹಾಕು."

"ಲೋಟಕ್ಕೆ ಹಾಕೋಕಾಗಲ್ಲ."

"ಮತ್ತೆ ಹೇಗೆ ಕುಡೀತೀಯ?"

"ಮುರಿದು."

ಅವರು ಲೋಟವನ್ನು ನಿಧಾನವಾಗಿ ಪಕ್ಕಕ್ಕಿಟ್ಟರು. "ತೋರಿಸು" ಎಂದರು. ನಾನು ಮುರಿದೆ, ಉರುಟು ಮಾಡಿದೆ, ಅದ್ದಿದೆ, ನುಂಗಿದೆ. ಗುನಿಲ್ಲಾ ನನ್ನ ದವಡೆಯನ್ನೇ ನೋಡುತ್ತಿದ್ದರು. ದವಡೆ ಅಲ್ಲಾಡಲಿಲ್ಲ.

"ಅಗಿಯೋದು ಯಾವಾಗ?"

"ಏನಂತೆ?" ಎಂದು ಅತ್ತೆ ಕೇಳಿದರು. ಅಗಿಯುವುದಿಲ್ಲವೇ ಎಂದು ಕೇಳುತ್ತಿದ್ದಾರೆ ಎಂದೆ. ಅತ್ತೆಗೆ ನಗು ತಡೆಯಲಾಗಲಿಲ್ಲ. "ಮುದ್ದೆ ಅಗಿಯೋದಾ? ಹಲ್ಲಿಗೆ ತಾಗಿದ್ರೆ ಅದು ಮುದ್ದೆ ಉಂಡಂಗೇ ಅಲ್ಲ ಅಂತ ಹೇಳಿ ಆಯಮ್ಮಂಗೆ!" ನಾನು ಅನುವಾದ ಮಾಡಲು ಬಾಯಿ ತೆರೆದೆ. ಮಾತಿನ ಬದಲು ನೊರೆ ಬಂತು. ಎದೆಯಲ್ಲಿ ಮುಷ್ಟಿ ಒತ್ತಿತು. ಇಲ್ಲಿ ಶವರ್ ಇರಲಿಲ್ಲ. ಗುನಿಲ್ಲಾ ಬಟ್ಟಲು ಹಿಡಿದರು, ಬೆನ್ನು ಸವರಿದರು, ಎಲ್ಲ ಅತ್ತೆಯ ಕಣ್ಣ ಮುಂದೆಯೇ ಆಯಿತು.

ಗುನಿಲ್ಲಾ ಹಳೆಯ ಹಾಳೆಗಳನ್ನೆಲ್ಲ ತೆಗೆದು, "ರಾಗಿ, ಬಿಸಿ" ಎಂದು ಬರೆದ ಒಂದೊಂದನ್ನೂ ಬೆರಳಿಟ್ಟು ನೋಡಿದರು. ಆಮೇಲೆ ನಕ್ಕರು. ಈ ದೇಶಕ್ಕೆ ಬಂದು ಆರು ವರ್ಷದಲ್ಲಿ ಇಲ್ಲಿಯವರೊಬ್ಬರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು, ಕಣ್ಣೀರು ಬರುವ ತನಕ ನಕ್ಕರು. "ನಂಜುಂಡ, ನಿನ್ನ ಬ್ಯಾಂಡು ಜೂನ್‌ನಿಂದಲೂ ಸರಿಯಾಗೇ ಇತ್ತು. ತಪ್ಪು ಇದ್ದದ್ದು ಈ ಕಾಲಮ್ಮಿನಲ್ಲಿ." ನನಗೆ ಹತ್ತನೇ ಕ್ಲಾಸಿನ ಲೆಕ್ಕದ ಪೇಪರು ನೆನಪಾಯಿತು. ಆಗಲೂ ಒಂದೂ ಖಾಲಿ ಬಿಟ್ಟಿರಲಿಲ್ಲ.

ಅತ್ತೆ ನಗಲಿಲ್ಲ. ಬಸ್ ಸ್ಟಾಪಿನಲ್ಲಿ ನಾನು ಕುರ್ಚಿಯಿಂದ ಹಿಡಿದು ಬ್ಯಾಂಡು, ಹಾಳೆಯ ತನಕ ಎಲ್ಲ ಹೇಳಿದೆ. ಅವರು ಹಾಟ್ ಬಾಕ್ಸಿನ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡುತ್ತ ಕೇಳಿದರು.

"ಅಂಗಾರೆ ದಿನಾ ಊಟ ಆದ್ಮೇಲೆ ಸ್ನಾನ..."

"ಸ್ನಾನ ಅಲ್ಲ ಅತ್ತೆ."

"ಮೂರು ತಿಂಗ್ಳು ನನ್ ಕೈಯಾರೆ ನಿಮ್ಗೆ ಅದ್ನೇ ಇಕ್ದೆನಲ್ಲ!" ಅವರ ಕಣ್ಣು ತುಂಬಿತು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು ಜೋರು ಮಾಡಿದರು. "ಬಾಯಿಲ್ವಾ ನಿಮ್ಗೆ? ಒಂದ್ ಮಾತು ಹೇಳಿದ್ರೆ ಅಂಬಲಿ ಕಾಯಿಸ್ಕೊಡ್ತಿರ್ಲಿಲ್ವಾ? ಅದ್ನಾದ್ರೆ ಕುಡುದೆ ಅಂತ್ಲೇ ಬರ್ಕೋಬೋದಿತ್ತು!"

ಅಂಬಲಿ. ಎರಡು ಡಿಗ್ರಿ ಓದಿದ ಡಾಕ್ಟರಿಗೆ, ನಲವತ್ತು ವರ್ಷ ಅನುಭವದ ನರ್ಸಿಗೆ, ಡಾಕ್ಟರೇಟ್ ಹೆಂಡತಿಗೆ, ಯಾರಿಗೂ ಹೊಳೆಯದೆ ಇದ್ದದ್ದು. ಅವರಿಗಾದರೂ ಹೇಗೆ ಹೊಳೆಯಬೇಕು, ನಾನು ಹೇಳಿದ್ದರೆ ತಾನೇ?

ಗುನಿಲ್ಲಾ ಬ್ಯಾಂಡನ್ನು ಮುಟ್ಟಲಿಲ್ಲ, ನೀರನ್ನು ಇದ್ದಷ್ಟೇ ಇರಲು ಬಿಟ್ಟರು. ಅಂಬಲಿ ದಿನಕ್ಕೆ ಒಂದು ಲೋಟ, ಅದೂ ಊಟದ ಜೊತೆಯಲ್ಲಲ್ಲ. ಮುದ್ದೆ ಬೇಕೇ ಬೇಕು ಎಂದರೆ ಕಡಲೆಯಷ್ಟು ತುಂಡು, ಮೂವತ್ತು ಸಲ ಅಗಿತ. ಅತ್ತೆ ಊರಿಗೆ ಹೊರಡುವ ಮುಂಚಿನ ಭಾನುವಾರ ನಾನು ಪ್ರಯತ್ನಿಸಿದೆ. ನಿಜವಾದ ನಿಂಬೆಹಣ್ಣಿನಷ್ಟು ಮುದ್ದೆಯನ್ನು ಅತ್ತೆಯೇ ಇಟ್ಟರು. ನಾನು ಮೊದಲ ತುಂಡು ಬಾಯಿಗಿಟ್ಟು ಹಲ್ಲು ಕಚ್ಚಿದ ಕೂಡಲೇ ಅವರು ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು. "ನೀವು ಉಣ್ಣಿ ಅಳಿಯಂದ್ರೇ. ನಾನ್ ನೋಡಲ್ಲ." ಅಷ್ಟು ಮರ್ಯಾದೆಯನ್ನು ನನಗೆ ಆ ತೆಂಗಿನಕಾಯಿ ಗಾತ್ರದ ಮುದ್ದೆಯ ದಿನವೂ ಯಾರೂ ಕೊಟ್ಟಿರಲಿಲ್ಲ. ಮುದ್ದೆ ಅಗಿದರೆ ಹೇಗಿರುತ್ತದೆ ಎಂದು ಕೇಳಬೇಡಿ. ಹಲ್ಲಿಗೆ, ಒಸಡಿಗೆ, ಅಂಗುಳಿಗೆ ಎಲ್ಲ ಅಂಟುತ್ತದೆ. ಆದರೆ ಇಳಿಯಿತು. ಶವರ್ ಬಿಡಲಿಲ್ಲ.

ಸೆಪ್ಟೆಂಬರಿನಲ್ಲಿ ಗುನಿಲ್ಲಾಗೆ ವಿದಾಯ ಹೇಳಲು ಹೋದೆ. ತೊಂಬತ್ತೆಂಟು ಕಿಲೋ. ಅವರು ಬಾಗಿಲು ಹಾಕಿ ಗುಟ್ಟು ಹೇಳುವಂತೆ ಹೇಳಿದರು, "ಅವತ್ತು ನಿನ್ನ ಅತ್ತೆ ಮೇಜಿನ ಮೇಲೆ ಬಿಟ್ಟುಹೋದ ಇನ್ನೊಂದು ಮುದ್ದೆಯನ್ನು ಮನೆಗೆ ತಗೊಂಡು ಹೋಗಿದ್ದೆ. ಮೊದಲ ತುಂಡು ಅಗಿದೆ, ಸರಿಹೋಗಲಿಲ್ಲ. ಆಮೇಲೆ ನೀನು ಮಾಡಿದ ಹಾಗೆ ಮಾಡಿದೆ. ಇಳಿದೇ ಹೋಯ್ತು!" ಈ ಸುದ್ದಿಯನ್ನು ಫೋನಿನಲ್ಲಿ ಅತ್ತೆಗೆ ಹೇಳಿದೆ. ಅವರು ಅಲ್ಲಿದ್ದ ಯಾರಿಗೋ ಕೂಗಿ ಹೇಳಿದ್ದು ನನಗೂ ಕೇಳಿಸಿತು: "ನೋಡ್ರೇ, ಬಿಳೇ ನರ್ಸಮ್ಮ ನುಂಗುದ್ಲಂತೆ!" ಅಳಿಯ ಏನು ಮಾಡುತ್ತಾನೆ ಎಂದು ಯಾರೋ ಕೇಳಿರಬೇಕು. ಅತ್ತೆ ಸ್ವಲ್ಪ ತಡೆದು, "ಅವ್ರು ಚೆನ್ನಾಗಿದಾರೆ" ಎಂದಷ್ಟೇ ಹೇಳಿದರು. ನನ್ನ ಮಾನ ಈಗ ಅವರ ಕೈಯಲ್ಲಿದೆ.

ಪೇರೆಂಟ್ಸ್ ಮೀಟಿಂಗಿಗೆ ನಾನೇ ಹೋದೆ. ಒಂದನೇ ಕ್ಲಾಸಿನ ಕುರ್ಚಿಗಳಿಗೆ ಕೈ ಇರುವುದೇ ಇಲ್ಲವಂತೆ, ಅದು ಗೊತ್ತಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಓದಿದ ನಿಮ್ಮಲ್ಲಿ ಯಾರಿಗಾದರೂ ಹೊಟ್ಟೆಯ ಬ್ಯಾಂಡು ಇದ್ದರೆ, ಅಥವಾ ಇಲ್ಲದಿದ್ದರೂ, ಜೀವನದಲ್ಲಿ ಒಂದೇ ಒಂದು ಸಲ ಮುದ್ದೆಯನ್ನು ಅಗಿದು ತಿಂದಿದ್ದರೆ ದಯವಿಟ್ಟು ಕೂಟದ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ಹೆಸರು ಹಾಕಬೇಡಿ, ಊರಂತೂ ಬೇಡವೇ ಬೇಡ. ನನ್ನಂಥವರು ಇನ್ನೊಬ್ಬರು ಇದ್ದಾರೆ ಎಂದು ಗೊತ್ತಾದರೆ ಸಾಕು, ಮುಂದಿನ ಸಲ ಮಧುಗಿರಿಗೆ ಹೋದಾಗ ಪಂಕ್ತಿಯಲ್ಲಿ ಕೂರುವ ಧೈರ್ಯ ಬರುತ್ತದೆ. ಬರೆಯಲು ಏನೂ ತೋಚದಿದ್ದರೆ ಖಾಲಿ ಬಿಡಿ, ಪರವಾಗಿಲ್ಲ. ಖಾಲಿ ಬಿಡುವುದು ಅಷ್ಟೇನೂ ಕೆಟ್ಟದ್ದಲ್ಲ ಎಂದು ನನಗೆ ಈಗ ಗೊತ್ತಾಗಿದೆ.